ಅರದ ಉಕ್ಕು, ಕಮಾನಿನ ಉಕ್ಕು

ನಮ್ಮ ತವರು ಚಿಕ್ಕೇರೂರಿನಲ್ಲಿ ಕಬ್ಬಿಣ ಎಂದರೆ ಕಬ್ಬಿಣ, ಅದಕ್ಕೆ ಜಾತಿ ಇರಲಿಲ್ಲ. ಅಪ್ಪನ ಕುಲುಮೆಗೆ ಬಂಡಿಯ ಹಳಿ ಬರಲಿ, ಮುರಿದ ಹಾರೆ ಬರಲಿ, ಬೆಂಕಿಯೊಳಗೆ ಹೋಗಿ ಕುಳವೋ ಕುಡಗೋಲೋ ಆಗಿ ಹೊರಗೆ ಬರುತ್ತಿತ್ತು. ಅಪ್ಪ ಅವನ್ನು ಹಿರೇಕೆರೂರಿನ ಸಂತೆಗೆ ಒಯ್ದು ಮಾರಿ ಬರುವಾಗ ನಮಗೆ ಚುರುಮುರಿ ತರುತ್ತಿದ್ದ. ನಾಲ್ಕನೆಯ ಇಯತ್ತೆ ಮುಗಿದದ್ದೇ ಶಾಲೆ ಬಿಡಿಸಿ ನನ್ನನ್ನು ತಿದಿಯ ಮುಂದೆ ಕೂರಿಸಿದ. ತಿದಿ ಒತ್ತುವುದರಲ್ಲಿ ನನ್ನಷ್ಟು ಗಟ್ಟಿಗಿತ್ತಿ ಸುತ್ತಲ ಹಳ್ಳಿಗಳಲ್ಲಿ ಇಲ್ಲ ಎಂಬ ಜಂಬ ನನಗಿತ್ತು. ಕಬ್ಬಿಣದ ವಿಷಯದಲ್ಲಿ ಯಾರಾದರೂ ನನಗೆ ಹೊಸದೇನನ್ನಾದರೂ ಹೇಳಿಕೊಟ್ಟಾರು ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಯುದ್ಧ ಜೋರಾಗಿದ್ದ ಕಾಲದಲ್ಲಿ ನನ್ನ ಮದುವೆಯಾಯಿತು. ಕೊಟ್ಟದ್ದು ಸವಣೂರಿಗೆ. ಮನೆಯಲ್ಲಿ ನನ್ನ ಗಂಡ, ಅವರ ಅಣ್ಣ, ಅತ್ತೆ ಅಷ್ಟೇ. ಮಾವ ಎಂದೋ ತೀರಿಹೋಗಿದ್ದರು. ಭಾವನವರ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಹೋಗಿದ್ದರು, ಅವರು ಮತ್ತೆ ಮದುವೆ ಆಗಿರಲಿಲ್ಲ. ಅದೂ ಕುಲುಮೆಯ ಮನೆಯೇ, ಆದರೆ ಅಲ್ಲಿ ಕುಳ ಕುಡಗೋಲಿಗಿಂತ ಚೂರಿ ಕತ್ತಿಗಳ ಕೆಲಸ ಹೆಚ್ಚು. ಎಲೆಬಳ್ಳಿ ತೋಟದವರಿಂದ ಹಿಡಿದು ಕಸಾಯಿ ಓಣಿಯವರ ತನಕ ಹರಿತವಾದದ್ದು ಬೇಕೆಂದರೆ ಎಲ್ಲರೂ ನಮ್ಮ ಬಾಗಿಲಿಗೆ ಬರುತ್ತಿದ್ದರು. ಭಾವನವರ ಕೈ ಅಂಥದ್ದು.

ಹೋದ ಹೊಸತರಲ್ಲಿ ಒಂದು ಮುಂಜಾನೆ ಕುಲುಮೆಯ ಕೆಂಡ ಕೆದಕಲು ಗೋಡೆಗೆ ಒರಗಿಸಿದ್ದ ಪಟ್ಟಿಯೊಂದನ್ನು ಎತ್ತಿಕೊಂಡೆ. ಹಿಂದಿನಿಂದ ಭಾವ ಹಾಕಿದ ಕೂಗಿಗೆ ಅದು ಕೈಜಾರಿ ನನ್ನ ಕಾಲ ಮೇಲೆಯೇ ಬಿತ್ತು.

"ಏಯ್! ಅದು ಅರದ ಉಕ್ಕು! ಕೆಂಡ ಕೆದರೋ ಕೋಲೇನ ಅದು?"

"ತಪ್ಪಾತ್ರಿ. ಹಂಗಾದ್ರ ಈ ಇನ್ನೊಂದನ್ನ ತಗೋತೇನ್ರಿ."

"ಅದು ಕಮಾನಿಂದು! ಅದನ್ನೂ ಮುಟ್ಟಬ್ಯಾಡ!"

ಕಾಲಿನ ನೋವು ಮರೆತು ಎರಡನ್ನೂ ಪಕ್ಕಪಕ್ಕ ನೋಡಿದೆ. ತುದಿಗೆ ಮೆತ್ತಿದ್ದ ಗೋಡೆಯ ಸುಣ್ಣ, ಮಣ್ಣು ಬಿಟ್ಟರೆ ಅದೇ ಉದ್ದ, ಅದೇ ಅಗಲ, ಅದೇ ಕರಿ ಬಣ್ಣ. ಕೈಯಲ್ಲಿ ತೂಗಿದರೆ ಅದೇ ಭಾರ. ಒಂದೇ ತಾಯಿಯ ಮಕ್ಕಳಂತಿದ್ದ ಅವುಗಳಲ್ಲಿ ಒಂದು ಒಂದಾಗಿ, ಇನ್ನೊಂದು ಇನ್ನೊಂದಾಗಿರುವುದು ಹೇಗೆ? ನಾನು ದಂಗಾಗಿ ನಿಂತೆ. ಹುಟ್ಟಿದಾಗಿನಿಂದ ಕುಲುಮೆಯಲ್ಲಿ ಬೆಳೆದವಳು ನಾನು, ನನಗೇ ತಿಳಿಯದ ಕಬ್ಬಿಣ!

ಉಣ್ಣುವಾಗ ನಮ್ಮವರು ಮೆಲ್ಲಗೆ ತಿಳಿಸಿ ಹೇಳಿದರು. ನಮ್ಮವರು ಎಲ್ಲವನ್ನೂ ಮೆಲ್ಲಗೇ ಹೇಳುತ್ತಿದ್ದರು, ಅಣ್ಣನ ಎದುರಿಗೆ ಅದನ್ನೂ ಹೇಳುತ್ತಿರಲಿಲ್ಲ. ಹುಬ್ಬಳ್ಳಿಯ ಕಡೆಯಿಂದ ಯಲವಿಗಿ ಸ್ಟೇಷನ್ನಿಗೆ ಬರುವ ಮೋಡಕಾದಲ್ಲಿ, ಅಂದರೆ ಹಳೆಯ ಮುರುಕು ಕಬ್ಬಿಣದಲ್ಲಿ, ಎರಡು ಬಗೆಯ ಉಕ್ಕು ಇರುತ್ತವೆ. ಒಂದು, ಕಬ್ಬಿಣ ಉಜ್ಜುವ ಅರಗಳು, ಹಲ್ಲು ಸವೆದು ಎಸೆದಂಥವು. ಇನ್ನೊಂದು, ಮೋಟಾರುಗಳ ಕೆಳಗಿನ ಕಮಾನು ಪಟ್ಟಿಗಳು. ಯುದ್ಧದಲ್ಲಿ ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದ ಮೋಟಾರುಗಳು ಹಾನಗಲ್ಲು, ಶಿಗ್ಗಾಂವಿಯ ರಸ್ತೆಗಳಲ್ಲಿ ಕುಣಿದು ಕುಣಿದು ಮುರಿದುಕೊಂಡ ಕಮಾನುಗಳು. ಎರಡೂ ಉಕ್ಕೇ. ಆದರೆ ಅರದ ಉಕ್ಕಿಗೆ ಹರಿತ ನಿಲ್ಲುತ್ತದೆ, ಏಟು ತಡೆಯುವುದಿಲ್ಲ. ಕಮಾನಿನ ಉಕ್ಕು ಏಟು ತಡೆಯುತ್ತದೆ, ಅಷ್ಟು ಹರಿತ ನಿಲ್ಲುವುದಿಲ್ಲ. ಕುರಿಯ ಕುತ್ತಿಗೆಗೆ ಇಡುವ ಚೂರಿ ಅರದಿಂದಲೇ ಆಗಬೇಕು. ಎಲುಬು ಕಡಿಯುವ ಅಗಲದ ಕತ್ತಿ ಕಮಾನಿನಿಂದಲೇ ಆಗಬೇಕು.

"ಅದಲಾಬದಲಾದ್ರ?" ಎಂದೆ.

"ಚೂರಿ ಬಡ್ಡಾಕ್ಕೈತಿ, ಕೊಯ್ಯಂಗಿಲ್ಲ, ಅದಕ್ಕ ಬೈಗಳ ತಿಂದ್ರ ಮುಗೀತು. ಎಲುಬಿನ ಕತ್ತಿ ಅರದ್ದಾದ್ರ ಗಾಜಿನಂಗ ಸಿಡಿತೈತಿ. ಎದರಿಗೆ ಯಾರ ಕಣ್ಣು ಇರತೈತೋ ಯಾರಿಗೆ ಗೊತ್ತು."

ಅವತ್ತಿನಿಂದ ಆ ಗೋಡೆಯ ಹತ್ತಿರ ಹೋಗಲೂ ಹೆದರಿದೆ. ಒಂದು ಮಾತನ್ನು ಮಾತ್ರ ನಮ್ಮವರು ಹೇಳಿರಲಿಲ್ಲ. ಬೆಂಕಿಯಲ್ಲಿ ಬಡಿದು ಪಟ್ಟಿ ಮಾಡಿದ ಮೇಲೆ ಅವರು ತಾವೇ ಎರಡನ್ನೂ ಹೇಗೆ ಗುರುತು ಹಿಡಿಯುತ್ತಾರೆ ಎಂಬುದನ್ನು. ಬೇರೆ ಕುಲುಮೆಯ ಮನೆಯಿಂದ ಬಂದ ಸೊಸೆಗೆ ಒಂದು ಕೂಸು ಆಗುವ ತನಕ ಕುಲುಮೆಯ ಗುಟ್ಟು ಹೇಳಬಾರದು ಎಂಬುದು ಆ ಮನೆಯ ಪದ್ಧತಿಯಂತೆ. ಗುಟ್ಟು ತವರಿಗೆ ಹೋಗಿಬಿಟ್ಟರೆ ಎಂದು! ನಮ್ಮಪ್ಪ ಚಿಕ್ಕೇರೂರಿನಿಂದ ಸವಣೂರಿಗೆ ಬಂದು ಇವರ ಗಿರಾಕಿಗಳನ್ನು ಎಗರಿಸುತ್ತಾನೆ ಎಂದು ಹೆದರಿದ್ದರು ಪಾಪ.

ಆ ವರ್ಷ ಬಕ್ರೀದು ದಸರೆಯಾದ ಮೇಲೆ ಬರುವುದಿತ್ತು. ಕಸಾಯಿ ಓಣಿಯಿಂದ ಚೂರಿ, ಕತ್ತಿ ಹೇಳಿಹೋಗಿದ್ದರು. ಅವರಲ್ಲಿ ಹಿರಿಯರೊಬ್ಬರಿದ್ದರು, ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ಮಾವನವರ ಕಾಲದಿಂದ ಅವರು ನಮ್ಮ ಕುಲುಮೆ ಬಿಟ್ಟು ಬೇರೆ ಕಡೆ ಹೋದವರಲ್ಲ. ಅವರಿಗೊಂದು ಹೊಸ ಎಲುಬಿನ ಕತ್ತಿ ಬೇಕಾಗಿತ್ತು. ಭಾವ ಹಬ್ಬಕ್ಕೆ ಮೊದಲೇ ಪಟ್ಟಿಗಳನ್ನೆಲ್ಲ ಬಡಿದು ಹದಕ್ಕೆ ತಂದು ಗೋಡೆಗೆ ಸಾಲಾಗಿ ಒರಗಿಸಿದ್ದರು.

ದಸರೆಯ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಭಾವ ಕುಡಗೋಲುಗಳನ್ನು ಹೊತ್ತುಕೊಂಡು ಶಿಗ್ಗಾಂವಿಯ ಸಂತೆಗೆ ಹೋದರು, ನಮ್ಮವರು ಮೋಡಕಾ ನೋಡಲು ಯಲವಿಗಿಗೆ ಹೋದರು. ಅತ್ತೆ ನನ್ನ ಕೈಗೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಕೊಟ್ಟರು.

"ನಾಳಿಗೆ ಪೂಜಿ. ಕುಲಮ್ಯಾಗಿನ ಒಂದು ಮೊಳಿನೂ ಬಿಡಬ್ಯಾಡ. ಎಲ್ಲಾ ಫಳಫಳ ಹೊಳೀಬೇಕು ನೋಡವಾ," ಎಂದು ಹೇಳಿ ಹೂ ತರಲು ಹೋದರು.

ಹೊಳೆಯಿಸುವುದು ಎಂದರೆ ನನಗೆ ಹೇಳಿಕೊಡಬೇಕೆ? ಸುತ್ತಿಗೆ, ಇಕ್ಕಳ, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು ಎಲ್ಲವನ್ನೂ ತಿಕ್ಕಿದೆ. ಆಮೇಲೆ ಪಟ್ಟಿಗಳು. ಕೆಲವಕ್ಕೆ ಒಂದು ತುದಿಗೆ ಸುಣ್ಣ ಮೆತ್ತಿತ್ತು, ಕೆಲವಕ್ಕೆ ಕೆಮ್ಮಣ್ಣು ಹತ್ತಿತ್ತು. ಎಂಥ ಹೊಲಸು ಗಂಡಸರಪ್ಪ ಇವರು, ಗೋಡೆ ಸಾರಿಸುವಾಗ ಪಟ್ಟಿ ತೆಗೆದಿಡುವಷ್ಟೂ ಬುದ್ಧಿಯಿಲ್ಲ ಎಂದು ಬೈದುಕೊಳ್ಳುತ್ತ ಹುಣಸೆಹಣ್ಣು ಹಚ್ಚಿ ಉಜ್ಜಿದೆ. ತೊಳೆದು, ಒರೆಸಿ, ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಇಟ್ಟೆ. ಅಷ್ಟು ಚಂದದ ಕುಲುಮೆಯನ್ನು ನಾನು ಅಪ್ಪನ ಮನೆಯಲ್ಲೂ ನೋಡಿರಲಿಲ್ಲ.

ಅತ್ತೆ ಚೆಂಡು ಹೂವಿನ ಬುಟ್ಟಿ ಹಿಡಿದು ಬಂದವರು ಹೊಸ್ತಿಲಲ್ಲೇ ನಿಂತರು. ಮುಖ ಬಿಳಿಚಿತು. ಹೊಗಳುತ್ತಾರೆಂದು ನಾನು ಕಾದೆ. ಅವರು ಬುಟ್ಟಿ ಇಟ್ಟು ಒಳಗೆ ಹೋದರು.

ಸಂಜೆಗೆ ಭಾವ ಬಂದರು. ಬೆವರು ಒರೆಸಿಕೊಳ್ಳುತ್ತ ಕುಲುಮೆಯೊಳಗೆ ಕಾಲಿಟ್ಟರು, ಹಲಗೆಯನ್ನು ನೋಡಿದರು. ಒಂದು ಪಟ್ಟಿಯನ್ನು ಎತ್ತಿ ತಿರುಗಿಸಿದರು, ಇಟ್ಟರು. ಇನ್ನೊಂದನ್ನು ಎತ್ತಿದರು. ಆಮೇಲೆ ಅಡಿಗಲ್ಲಿನ ಮೇಲೆಯೇ ಕೂತುಬಿಟ್ಟರು. ಅಡಿಗಲ್ಲಿನ ಮೇಲೆ ಯಾರೂ ಕೂರುವುದಿಲ್ಲ, ಅದು ನಮಗೆ ದೇವರು.

"ಗುರ್ತು ಯಾರ ತೊಳದ್ರು?"

ಆಗ ತಿಳಿಯಿತು ನನಗೆ. ಸುಣ್ಣ ಅರದ ಗುರುತು, ಕೆಮ್ಮಣ್ಣು ಕಮಾನಿನ ಗುರುತು. ನಾನು ಅತ್ತೆಯ ಮುಖ ನೋಡಿದೆ. 'ತೊಳಿ ಅಂತ ನಾನೇ ಹೇಳಿದೆ' ಎನ್ನುತ್ತಾರೆ, ಈಗ ಎನ್ನುತ್ತಾರೆ ಎಂದು ನೋಡುತ್ತಲೇ ಇದ್ದೆ. ಅತ್ತೆ ದೀಪದ ಬತ್ತಿ ಸರಿಮಾಡುತ್ತ ನಿಂತಿದ್ದರು. ಆ ಬತ್ತಿ ಸರಿಯಾಗಲೇ ಇಲ್ಲ.

ಅಷ್ಟರಲ್ಲಿ ನಮ್ಮವರೂ ಯಲವಿಗಿಯಿಂದ ಬಂದರು, ಬಹುತೇಕ ಬರಿಗೈಲಿ. ಯುದ್ಧದ ಗದ್ದಲದಲ್ಲಿ ಕಮಾನು ಸಿಕ್ಕಿರಲಿಲ್ಲ, ಎರಡು ಸವಕಲು ಅರ ಸಿಕ್ಕಿದ್ದವು. ಭಾವ ತಮ್ಮನ ಕಡೆಗೆ ತಿರುಗಿದರು.

"ನಿನ್ನ ಹೇಂತಿ ಬಕ್ರೀದ ಆಗೂತನಕ ಇಲ್ಲಿರ್ಲಿ. ನಾವು ಆರಿಸಿ ನೋಡೂಣು. ಒಂದು ಕತ್ತಿ ಮುರೀತಂದ್ರ ಈಕಿನ್ನ ಚಿಕ್ಕೇರೂರಿಗೆ ಬಿಟ್ಟು ಬಾ. ತಿರುಗಿ ಕರಕೊಂಡು ಬರೂದು ಬ್ಯಾಡ."

ನಮ್ಮವರು ಹೆಗಲ ಮೇಲಿನ ಚೀಲವನ್ನೂ ಇಳಿಸದೆ ತಲೆ ಆಡಿಸಿದರು. ಹೂಂ ಎಂದು! ಕಟ್ಟಿದ ತಾಳಿ ಇನ್ನೂ ಹೊಸದಾಗಿ ಹೊಳೆಯುತ್ತಿತ್ತು, ಆ ಮನುಷ್ಯ ಹೂಂ ಎಂದು ತಲೆ ಆಡಿಸಿದ. ತೊಳೆದದ್ದಕ್ಕೆ ನನಗೆ ಅಂದೂ ಪಶ್ಚಾತ್ತಾಪ ಆಗಲಿಲ್ಲ, ಇಂದಿಗೂ ಇಲ್ಲ. ತೊಳಿ ಎಂದರು, ತೊಳೆದೆ. ಆದರೆ ಆ ತಲೆಯಾಡಿಸಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಪೂಜೆಯ ದಿನ ಆಯುಧ ಮುಟ್ಟುವಂತಿಲ್ಲ. ಅವತ್ತಿಡೀ ಆ ಪಟ್ಟಿಗಳು ಹೂ ಮುಡಿದುಕೊಂಡು ಹಲಗೆಯ ಮೇಲೆ ಕೂತಿದ್ದವು, ನಾವು ನಾಲ್ವರೂ ಅವುಗಳ ಎದುರಿಗೆ ಕೈಮುಗಿದು ಒಬ್ಬರ ಮುಖ ಒಬ್ಬರು ನೋಡದೆ ಹೋಳಿಗೆ ಉಂಡೆವು. ಬನ್ನಿ ಕೊಟ್ಟು ತಗೊಂಡು ಮುಗಿದ ಮೇಲೆ ಭಾವ ಕುಲುಮೆಯ ಬಾಗಿಲು, ಕಿಟಕಿ ಹಾಕಿಸಿದರು. ಹಗಲಲ್ಲೇ ಒಳಗೆ ಕತ್ತಲಾಯಿತು.

"ಸಾಣಿ ಎಳಿ," ಎಂದರು ನನಗೆ.

ಸಾಣೆಕಲ್ಲಿನ ಅಚ್ಚಿಗೆ ಸುತ್ತಿದ ತೊಗಲ ಪಟ್ಟಿಯನ್ನು ಎಳೆಯುವ ಕೆಲಸ ನನ್ನದಾಯಿತು. ಕಲ್ಲು ತಿರುಗಿತು. ಭಾವ ಒಂದು ಪಟ್ಟಿಯ ಅಂಚನ್ನು ಕಲ್ಲಿಗೆ ತಾಗಿಸಿದರು. ಕಿಡಿ ಹಾರಿದವು. ಕಿಡಿಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ, ಆದರೆ ಕಿಡಿಯನ್ನು ಓದಬಹುದು ಎಂದು ಯಾರು ಕಂಡಿದ್ದರು! ಈ ಪಟ್ಟಿಯ ಕಿಡಿ ಕಲ್ಲಿನ ಹತ್ತಿರವೇ ಒಗ್ಗರಣೆಯ ಸಾಸಿವೆಯಂತೆ ಚಟಪಟ ಒಡೆದು ತುಂಬ ಕವಲಾಗಿ ಹರಡಿತು.

"ಅರ," ಎಂದು ಭಾವ ಅದನ್ನು ಎಡಕ್ಕೆ ಇಟ್ಟರು.

ಮುಂದಿನದರ ಕಿಡಿ ಉದ್ದಕ್ಕೆ ಗೆರೆ ಎಳೆದಂತೆ ದೂರ ಹೋಗಿ, ತುದಿಯಲ್ಲಿ ಮಾತ್ರ ಒಂದೆರಡು ಕವಲು ಒಡೆಯಿತು.

"ಕಮಾನ." ಅದನ್ನು ಬಲಕ್ಕೆ ಇಟ್ಟರು.

ಹೀಗೂ ಉಂಟೆ ಎಂದು ನನಗೆ ರೋಮಾಂಚನವೇ ಆಯಿತು. ಇಷ್ಟು ಸುಲಭದ ದಾರಿ ಇರುವಾಗ ಮೊನ್ನೆ ಅಡಿಗಲ್ಲಿನ ಮೇಲೆ ಕೂತದ್ದು ಯಾಕೆ, ತವರಿಗೆ ಅಟ್ಟುವ ಮಾತು ಯಾಕೆ? ಆಮೇಲೆ ಗೊತ್ತಾಯಿತು, ಅಷ್ಟು ಸುಲಭವಲ್ಲ. ಕೆಲವು ಪಟ್ಟಿಗಳ ಕಿಡಿ ಅತ್ತ ಸಾಸಿವೆಯೂ ಅಲ್ಲ, ಇತ್ತ ಗೆರೆಯೂ ಅಲ್ಲ, ನಡುವೆ ಎಲ್ಲೋ ಒಡೆಯುತ್ತಿದ್ದವು. ಕಮಾನುಗಳಲ್ಲೇ ಒಂದೊಂದು ಬೇರೆ ಬೇರೆ. ಅಂಥವನ್ನು ಭಾವ ಮತ್ತೆ ಮತ್ತೆ ಹಿಡಿದು ನೋಡುತ್ತಿದ್ದರು, ತುದಿ ಕಾಯಿಸಿ ನೀರಿಗೆ ಅದ್ದಿ ಒಂದು ಚೂರು ಮುರಿದು ನೋಡುತ್ತಿದ್ದರು. ಬಾಗದೆ ಟಕ್ಕೆಂದು ಮುರಿದರೆ ಅರ, ಮುರಿಯುವ ಮುಂಚೆ ಒಂಚೂರು ಎಳೆದಾಡಿದರೆ ಕಮಾನು. ನನ್ನ ರಟ್ಟೆ ಸೋತು ಬಂದರೂ ನಾನು ಕಲ್ಲು ನಿಲ್ಲಿಸಲಿಲ್ಲ. ನನ್ನ ಸಂಸಾರವೇ ಆ ಕಲ್ಲಿನ ಮೇಲೆ ತಿರುಗುತ್ತಿತ್ತು.

ಬಲಗಡೆಯ ರಾಶಿ ಸಣ್ಣದಾಗಿಯೇ ಉಳಿಯಿತು, ಎಡಗಡೆಯದು ಬೆಳೆಯುತ್ತ ಹೋಯಿತು. ಕೊನೆಗೆ ಒಂದು ಅಗಲದ ಪಟ್ಟಿ ಉಳಿಯಿತು. ಕತ್ತಿಗೆ ಹೇಳಿ ಮಾಡಿಸಿದ ಅಗಲ. ಭಾವ ಅದನ್ನು ಕಲ್ಲಿಗೆ ತಾಗಿಸಿದ್ದೇ ತಡ, ಕಿಡಿ ಕಲ್ಲಿನ ಬಾಯಲ್ಲೇ ಚಟಪಟ ಎಂದು ತುಂಬ ಕವಲಾಗಿ ಸಿಡಿಯಿತು.

"ಅರ!" ಎಂದುಬಿಟ್ಟೆ. ಬಾಯಿ ತಡೆಯಲಿಲ್ಲ.

ಭಾವ ನನ್ನನ್ನು ನೋಡಲಿಲ್ಲ. "ಕಮಾನ," ಎಂದರು.

"ಅಲ್ರಿ ಭಾವಾರ, ಸಾಸಿವಿ ಸಿಡಿದಂಗ..."

"ಸಾಣಿ ಎಳಿಯೋರು ಸಾಣಿ ಎಳೀಬೇಕು," ಎಂದು ಅದನ್ನು ತುದಿ ಮುರಿದೂ ನೋಡದೆ ಬಲಕ್ಕಿಟ್ಟು ಕೆಮ್ಮಣ್ಣು ಬಳಿದರು.

ನಮ್ಮವರ ಕಡೆಗೆ ತಿರುಗಿದೆ. ಅವರು ತಮ್ಮ ಕಾಲ ಹೆಬ್ಬೆರಳನ್ನು ನೋಡುತ್ತಿದ್ದರು. ಒಬ್ಬ ಕಸುಬುದಾರ ಕಮಾನು ಎಂದು, ಇನ್ನೊಬ್ಬ ಅಲ್ಲ ಎನ್ನದಿದ್ದ ಮೇಲೆ ನಿನ್ನೆ ಮೊನ್ನೆ ಕಲಿತ ನನ್ನ ಕಣ್ಣು ಎಷ್ಟರದು? ನನಗೆ ತಪ್ಪು ಕಂಡಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದರಲ್ಲಿ ಸಮಾಧಾನವೂ ಇತ್ತು.

ಚಾಚಾ ಅವರ ಕತ್ತಿ ಅದೇ ಪಟ್ಟಿಯಿಂದ ಆಯಿತು. ನಾನೇ ತಿದಿ ಒತ್ತಿದೆ. ನೀರಿಗೆ ಅದ್ದಿ ಗಟ್ಟಿ ಮಾಡಿದ ಮೇಲೆ ಭಾವ ಅದನ್ನು ಗಡಸು ತಗ್ಗಲೆಂದು ಮತ್ತೆ ಕೆಂಡದ ಮೇಲೆ ಹಿಡಿದು ಹದ ಇಳಿಸಿದರು. ಉಕ್ಕಿನ ಮೈಮೇಲೆ ಒಣಹುಲ್ಲಿನ ಬಣ್ಣ ಬಂತು, ಬದನೆಕಾಯಿ ಬಣ್ಣ ಬಂತು, ನೀಲಿ ಬಂತು. ಬೇರೆ ಕತ್ತಿಗಳನ್ನು ಅವರು ನೀಲಿ ಬರುವ ಮೊದಲೇ ತೆಗೆಯುತ್ತಿದ್ದರು. ಇದನ್ನು ಮಾತ್ರ ನೀಲಿ ಮಾಸುವ ತನಕ ಬಿಟ್ಟರು. ಹಿರಿಯರ ಕತ್ತಿ ಎಂದು ಹೆಚ್ಚಿನ ಕಾಳಜಿ ಮಾಡುತ್ತಿದ್ದಾರೆ ಎಂದು ನಾನು ತಿಳಿದೆ. ಎಂಥ ಪೆದ್ದಿ ನಾನು!

ಬಕ್ರೀದಿನ ದಿನ ಬೆಳಗಿನಿಂದ ನನಗೆ ಒಂದು ತುತ್ತೂ ಇಳಿಯಲಿಲ್ಲ. ಕಸಾಯಿ ಓಣಿಯ ಕಡೆಯಿಂದ ಯಾರು ನಡೆದು ಬಂದರೂ ನಮ್ಮ ಮನೆಗೇ ಬರುತ್ತಿದ್ದಾರೆ ಎನಿಸುತ್ತಿತ್ತು. ಮಧ್ಯಾಹ್ನದ ತನಕ ಯಾರೂ ಬರಲಿಲ್ಲ. ಇನ್ನು ಪಾರಾದೆ ಎಂದು ರೊಟ್ಟಿ ಮುರಿಯುವ ಹೊತ್ತಿಗೆ ಹೊರಗೆ ಚಾಚಾ ಅವರ ದನಿ ಕೇಳಿಸಿತು.

ಹಬ್ಬದ ಬಿಳಿ ಅಂಗಿ ತೊಟ್ಟಿದ್ದರು. ಎಡ ಮುಂಗೈಗೆ ಬಟ್ಟೆ ಸುತ್ತಿದ್ದರು, ಆ ಬಟ್ಟೆ ಕೆಂಪಾಗಿತ್ತು. ಬಲಗೈಯಲ್ಲಿ ಕತ್ತಿಯ ಹಿಡಿ, ಹಿಡಿಯ ಮುಂದೆ ಅಂಗೈ ಉದ್ದದ ಉಕ್ಕು. ಉಳಿದದ್ದನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ತೊಡಿ ಎಲುಬಿಗೆ ಹಾಕಿದ್ನೆಪಾ, ಪಟ್ಟನ ಸಿಡೀತು," ಎಂದರು ಚಾಚಾ ಭಾವನವರಿಗೆ. ಸಿಟ್ಟೇ ಇರಲಿಲ್ಲ ಆ ದನಿಯಲ್ಲಿ, ಬರೀ ಆಶ್ಚರ್ಯ ಇತ್ತು. "ಒಂದು ಚೂರು ಕೈಯಾಗ ಹೊಕ್ಕೈತಿ. ಮೊಮ್ಮಗ ಬಾಜೂಕ ಕುಂತಿದ್ದ. ಅಲ್ಲಾ ಕಾದ. ನಿಮ್ಮಪ್ಪನ ಕಾಲದಿಂದ ಹಿಂಗ ಎಂದೂ ಆಗಿದ್ದಿಲ್ಲ."

ಭಾವ ಮುರಿದ ತುಂಡುಗಳನ್ನು ಇಸಿದುಕೊಂಡರು. ಮುರಿದ ಕಡೆ ಒಂದು ಸಲ ನೋಡಿದರು, ಇಕ್ಕಳ ಹಿಡಿದು ಸೀದಾ ಬೆಂಕಿಗೆ ಹಾಕಿದರು.

"ಪಟ್ಟಿ ಅದಲಾಬದಲ ಆಗಿದ್ವು ಚಾಚಾ. ಮನ್ಯಾಗ ಹೊಸಾಕಿ ಬಂದಾಳ. ಪೂಜಿಗಂತ ಗುರ್ತು ಎಲ್ಲಾ ತೊಳದ್ಲು."

ಚಾಚಾ ನನ್ನ ಕಡೆ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಹೋಗ್ಲಿ ಬಿಡು, ಸಣ್ಣ ಹುಡುಗಿ. ಅಳಬ್ಯಾಡ ಬೇಟಿ," ಎಂದರು. ಆ ರಕ್ತದ ಬಟ್ಟೆಯ ಕೈಯನ್ನೇ ಎತ್ತಿ ಹಾಗೆಂದರು. ನನ್ನಿಂದ ಒಬ್ಬ ಮುದುಕನ ಕೈಗೆ ಉಕ್ಕು ಹೊಕ್ಕಿತು, ಒಂದು ಕೂಸಿನ ಕಣ್ಣು ಹೋಗುತ್ತಿತ್ತು ಎಂದು ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ.

ಮರುದಿನ ಮುಂಜಾನೆ ಪಕ್ಕದ ಮನೆಯವರ ಬಂಡಿ ಕೇಳಿ ತಂದು ಹೂಡಿದರು. ಅತ್ತೆ ಒಂದು ಗಂಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ನನ್ನ ಸೀರೆಗಳನ್ನೆಲ್ಲ ಮಡಚಿ ಇನ್ನೊಂದು ಗಂಟು ಮಾಡಿದ್ದರು, ಒಂದನ್ನೂ ಮರೆತಿರಲಿಲ್ಲ. ಭಾವ ಹೊರಗೇ ಬರಲಿಲ್ಲ. ನಮ್ಮವರು ಎತ್ತುಗಳನ್ನು ಹೊಡೆದರು.

ಬಂಡಿ ಬಂಕಾಪುರದ ದಾರಿ ಹಿಡಿಯಿತು. ನನ್ನ ತಲೆಯ ತುಂಬ ಅಪ್ಪನ ಮುಖ. ಹಾನಗಲ್ಲು ದಾಟಿ ಚಿಕ್ಕೇರೂರು ಮುಟ್ಟಿ, ಗಂಟು ಹಿಡಿದು ಅಂಗಳದಲ್ಲಿ ನಿಂತ ಮಗಳನ್ನು ನೋಡಿದರೆ ಅವ್ವ ಏನು ಕೇಳುತ್ತಾಳೆ, ನಾನು ಏನು ಹೇಳಬೇಕು? ಬಂಕಾಪುರ ಇನ್ನೂ ಸ್ವಲ್ಪ ದೂರ ಇರುವಾಗ ಒಂದು ಹಳ್ಳ ಸಿಕ್ಕಿತು. ನಮ್ಮವರು ಬಂಡಿ ನಿಲ್ಲಿಸಿ ಎತ್ತುಗಳಿಗೆ ನೀರು ಕುಡಿಸಿದರು. ನನ್ನ ಕಡೆ ಬೆನ್ನು ಮಾಡಿಕೊಂಡೇ, ಎತ್ತಿನ ಜೊತೆ ಮಾತಾಡುವವರಂತೆ ಹೇಳಿದರು:

"ಅದು ಅರಾನ ಇತ್ತು."

ನನಗೆ ಏನೂ ತಿಳಿಯಲಿಲ್ಲ. "ಯಾವುದ್ರಿ?"

"ಆ ಅಗಲದ ಪಟ್ಟಿ. ಕಿಡಿ ನೀ ನೋಡಿದ್ದು ಖರೆ ಇತ್ತು. ನಾನೂ ನೋಡಿದೆ. ಅಣ್ಣನೂ ನೋಡಿದ."

"ಮತ್ತ ಕಮಾನ ಅಂದ್ರಲ್ರಿ?"

"ಕಮಾನ ಕಡಿಮಿ ಬಿದ್ದಿದ್ವು. ನಾ ಯಲವಿಗಿಯಿಂದ ತರಲಿಲ್ಲಲ್ಲ. ಚಾಚಾನ ಕತ್ತಿಗೆ ಅಷ್ಟು ಅಗಲದ್ದು ಅದೊಂದ ಉಳಿದಿತ್ತು. ಹದಾ ಪೂರಾ ಇಳಿಸಿದ್ರ ತಡದೀತು ಅಂತ ತಿಳಿದ ಅಣ್ಣ."

ಅಂದರೆ ಪಟ್ಟಿಗಳು ಅದಲಾಬದಲಾಗಲೇ ಇಲ್ಲ. ಗುರುತು ತೊಳೆದದ್ದರಿಂದ ಒಂದು ಕತ್ತಿಯೂ ಕೆಡಲಿಲ್ಲ. ಬೇಕೆಂತಲೇ ಅರವನ್ನು ಕತ್ತಿ ಮಾಡಿ, ಬೇಕೆಂತಲೇ ಕೆಮ್ಮಣ್ಣು ಬಳಿದು, ಅದು ಒಡೆದಾಗ ನನ್ನ ಕಡೆ ಬೆರಳು ತೋರಿಸಿದ್ದರು. ನನ್ನ ಹುಣಸೆಹಣ್ಣಿನ ಕೈ ಅವರಿಗೆ ಎಷ್ಟು ಸರಿಯಾದ ಹೊತ್ತಿಗೆ ಸಿಕ್ಕಿತ್ತು! ಇದನ್ನೆಲ್ಲ ಈ ಮನುಷ್ಯ ಕಣ್ಣಾರೆ ಕಂಡೂ ನನ್ನ ಗಂಟನ್ನು ತಾನೇ ಎತ್ತಿ ಬಂಡಿಯೊಳಗೆ ಇಟ್ಟಿದ್ದ.

"ನಿನ್ನೆ ಯಾಕ ಹೇಳಲಿಲ್ರಿ? ಚಾಚಾನ ಮುಂದ ಯಾಕ ಹೇಳಲಿಲ್ಲ?"

"ಅಣ್ಣ ಅಲ್ಲೇನ ಅವ," ಎಂದರು. "ಅಪ್ಪ ಹೋದಮ್ಯಾಲೆ ನನ್ನ ಸಾಕಿದಾವ."

"ನಾ ನಿಮಗ ಏನೂ ಅಲ್ಲೇನ್ರಿ?"

ಅವರು ತಿರುಗಿದರು. ಮುಖ ಈಗ ನನ್ನ ಕಡೆಗೆ ಇತ್ತು. ಅಳುತ್ತಿದ್ದರು. ಗಂಡಸು ಅಳುವುದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಅದಕ್ಕೂ ಬೆಚ್ಚಿದೆ, ಆದರೆ ಕರುಣೆ ಬರಲಿಲ್ಲ, ಸಿಟ್ಟು ನೆತ್ತಿಗೇರಿತು. ಬಂಡಿಯ ಮೂಕಿಯ ಹತ್ತಿರ ಸರಿದು ಹಗ್ಗವನ್ನು ನಾನೇ ಹಿಡಿದು ಎತ್ತುಗಳನ್ನು ಸವಣೂರಿನ ಕಡೆಗೆ ತಿರುಗಿಸಿದೆ. "ನೀವು ಬರ್ತೀರೋ, ಇಲ್ಲೇ ಇರ್ತೀರೋ?" ಎಂದೆ. ಬಂಡಿ ಹತ್ತಿ ಹಗ್ಗ ಇಸಿದುಕೊಂಡರು.

ಹೊತ್ತು ಇಳಿಯುವ ಮೊದಲೇ ಮನೆಯ ಮುಂದೆ ಬಂಡಿ ನಿಂತಿತು. ಅತ್ತೆ ಗಾಬರಿಯಾಗಿ ಹೊರಗೆ ಓಡಿಬಂದರು.

"ಯಾಕ? ಏನಾತು? ಗಾಲಿ ಏನರ ಮುರೀತೇನ?"

ಭಾವನೂ ಕುಲುಮೆಯ ಬಾಗಿಲಿಗೆ ಬಂದು ನಿಂತರು. ನಾನು ಇಳಿಯಲಿಲ್ಲ. ನಮ್ಮವರ ಬೆನ್ನನ್ನೇ ನೋಡುತ್ತ ಕೂತೆ. ಈ ಬೆನ್ನು ಈಗಲೂ ಬಾಗಿದರೆ ನಾನೇ ಎತ್ತು ಹೊಡೆದುಕೊಂಡು ಚಿಕ್ಕೇರೂರಿಗೆ ಹೋಗುವುದು, ಮತ್ತೆ ಈ ಊರ ಮುಖ ನೋಡುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ಅವರು ಹಗ್ಗವನ್ನು ಮೂಕಿಗೆ ಸುತ್ತಿದರು.

"ಅಣ್ಣಾ, ಅದು ಅರ ಇತ್ತು," ಎಂದರು ಕೊನೆಗೆ. "ನಿನಗ ಗೊತ್ತಿತ್ತು."

ಭಾವ ಇಲ್ಲ ಎನ್ನುತ್ತಾರೆ, ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮನನ್ನು ದಿಟ್ಟಿಸಿ ನೋಡಿ, "ಗೊತ್ತಿತ್ತು," ಎಂದರು.

"ಅವನ್ನ ಯಾಕ ಕೇಳ್ತಿ?" ಅತ್ತೆ ನಡುವೆ ಬಂದರು. "ಕಮಾನ ಇಲ್ಲಂದ್ರ ಅರಾನ ಹಾಕು ಅಂದಾಕಿ ನಾ. ಚಾಚಾನ್ನ ಬರಿಗೈಲೆ ಕಳಿಸಿದ್ರ ಬಂಕಾಪುರದ ಕುಲಮಿಗೆ ಹೋಕ್ಕಿದ್ದ. ಅವ ಹೋದ್ರ ಓಣಿಗೆ ಓಣೀನ ಅವನ ಹಿಂದ ಹೋಕ್ಕಿತ್ತು. ಮನಿ ನಡೀಬೇಕಲ್ಲ?"

ಎಲ್ಲರಿಗೂ ಗೊತ್ತಿತ್ತು. ತೊಳಿ ಎಂದವರು ಅವರೇ, ಅರ ಹಾಕು ಎಂದವರು ಅವರೇ, ನನ್ನ ಸೀರೆ ಮಡಚಿ ಗಂಟು ಕಟ್ಟಿದವರೂ ಅವರೇ. ಆ ಮನೆಯಲ್ಲಿ ಮೂರು ಜನ ಕೂತು ನನಗೆ ಚಟ್ನಿ ಕಟ್ಟಿಕೊಟ್ಟು ಕಳಿಸಿದ್ದರು, ಮೂವರಿಗೂ ಗೊತ್ತಿತ್ತು. ಅಷ್ಟು ದಿನ ಅವರ ಜೊತೆ ಒಂದೇ ಪರಾತದಿಂದ ರೊಟ್ಟಿ ತೆಗೆದುಕೊಂಡು ಉಂಡಿದ್ದೆ.

ಭಾವ ತಮ್ಮನಿಗೆ, "ಬಂಡಿ ಬಿಚ್ಚು," ಎಂದರು. ಅಷ್ಟೇ. ಇದ್ದುಬಿಡಲಿ ಎಂದು ಅದರ ಅರ್ಥ. ಮಾಡಿದ್ದಕ್ಕೆಲ್ಲ ಅಷ್ಟೇ ಮಾತು.

"ಬಿಚ್ಚಬ್ಯಾಡ್ರಿ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಭಾವಾರ, ರಕ್ತ ಸೋರಾಕತ್ತಿದ್ದ ಮುದುಕನ ಮುಂದ ನನ್ನ ಹೆಸರು ಹೇಳೀರಿ. ನಾ ಮಾಡೀನಿ ಅಂತ ಅವರು ತಿಳಿದಾರ. ತಿಳಿದೂ ನನಗ ಸಮಾಧಾನ ಹೇಳ್ಯಾರ. ಯಾರು ಮಾಡಿದ್ದು ಅಂತ ಈಗ ಹೋಗಿ ಹೇಳಿ ಬರ್ರಿ. ನೀವು ಬಂಡಿ ಹತ್ತೂತನಕ ನಾ ಇಳಿಯಂಗಿಲ್ಲ."

"ಏನ ಮಾತಿವು! ಹಿರ್ಯಾರ ಮುಂದ..." ಎಂದು ಅತ್ತೆ ಬಾಯಿ ತೆಗೆದರು. ಓಣಿಯವರು ಒಬ್ಬೊಬ್ಬರೇ ಬಾಗಿಲಿಗೆ ಬಂದು ನಿಂತಿದ್ದರು. ಭಾವ ಕೈ ಎತ್ತಿ ಅತ್ತೆಯನ್ನು ಸುಮ್ಮನಾಗಿಸಿದರು. ಕುಲುಮೆಯೊಳಗೆ ಹೋಗಿ ಕೈಕಾಲು ತೊಳೆದು, ರುಮಾಲು ಸುತ್ತಿಕೊಂಡು ಬಂದರು. ರುಮಾಲು ಸರಿಯಾಗಿ ನಿಂತಿರಲಿಲ್ಲ.

ಅವರು ಬಂಡಿಯ ಹಿಂದಿನಿಂದ ಹತ್ತಿ ನನ್ನ ಗಂಟಿನ ಪಕ್ಕದಲ್ಲಿ ಕೂತರು. ಆಮೇಲೆ ನಾನು ಇಳಿದೆ. ನಮ್ಮವರು ಎತ್ತುಗಳನ್ನು ಕಸಾಯಿ ಓಣಿಯ ಕಡೆಗೆ ತಿರುಗಿಸಿದರು.